ಗುಹೆಯ ಚಾವಣಿಗೆ ಹೊಟ್ಟೆ ಮಾಡಿ ಈಜುವ ಮೀನಿಗೆ ಏನಾಗಿದೆ?

ಪ್ರಶ್ನೆ: ನಾನು ಪುತ್ತೂರಿನವನು, ಈಗ ಹ್ಯೂಸ್ಟನ್‌ನಲ್ಲಿದ್ದೇನೆ. ಕೇವ್ ಡೈವಿಂಗ್ ಕೋರ್ಸ್ ಮುಗಿಸಿ ಈ ಸಲ ಮೆಕ್ಸಿಕೊಗೆ ಹೋಗಿದ್ದೆ. ಕೊಝುಮೆಲ್ ದ್ವೀಪದಲ್ಲಿ ಹವಳದ ಬಂಡೆಗಳ ನಡುವಿನ ಗುಹೆಯಲ್ಲಿ ಕೆಂಪು ಮೀನುಗಳು ತಲೆಕೆಳಗಾಗಿ, ಚಾವಣಿಗೆ ಹೊಟ್ಟೆ ಮಾಡಿ ಈಜುತ್ತಿದ್ದವು. ಫೋಟೊ ಕಳಿಸಿದ್ದೇನೆ. ಆಮೇಲೆ ತುಲುಮ್ ಹತ್ತಿರದ ದೋಸ್ ಓಹೋಸ್ ಗುಹೆಯಲ್ಲಿ ಬೆಳ್ಳಿ ಬಣ್ಣದ ಸಣ್ಣ ಮೀನುಗಳು ಕತ್ತಲೊಳಗೂ ನಮ್ಮ ಹಿಂದೆಯೇ ಬಂದವು. ಬೆರಳುದ್ದದ ಬಿಳಿ ಮೀನೊಂದರ ಮೇಲೆ ನನ್ನ ಟಾರ್ಚ್ ಬಿತ್ತು. ಅದು ಕದಲಲೇ ಇಲ್ಲ. ಅಷ್ಟರಲ್ಲಿ ಬೆಳ್ಳಿ ಮೀನೊಂದು ಬಂದು ಅದರ ಬಾಲ ಕಚ್ಚಿತು. ಗೈಡ್ ತಕ್ಷಣ ನನ್ನ ಟಾರ್ಚ್‌ಗೆ ಕೈ ಅಡ್ಡ ಹಿಡಿದರು. ಇವೆಲ್ಲ ಸಹಜವೇ, ಅಥವಾ ಆ ಮೀನುಗಳಿಗೆ ಏನಾದರೂ ಆಗಿದೆಯೇ? ಇನ್ನೊಂದು ಪ್ರಶ್ನೆ: ನಮ್ಮೂರಿನ ಬಾವಿಗಳಲ್ಲೂ ಇಂಥ ಕುರುಡು ಮೀನು ಇರಬಹುದಾ?

ಉತ್ತರ: ಮೊದಲು ನೇರವಾಗಿ ಹೇಳಿಬಿಡುತ್ತೇನೆ. ತಲೆಕೆಳಗಾಗಿದ್ದ ಕೆಂಪು ಮೀನುಗಳು ಆರೋಗ್ಯವಾಗಿಯೇ ಇದ್ದವು. ಅದು ಅವುಗಳ ಹುಟ್ಟುಗುಣ, ನೀವು ಹೋಗದಿದ್ದರೂ ಹಾಗೇ ಈಜುತ್ತವೆ. ಬಿಳಿ ಮೀನಿನ ಮೇಲೆ ನಡೆದ ದಾಳಿ ಮಾತ್ರ ನಿಮ್ಮ ಟಾರ್ಚ್ ಇಲ್ಲದಿದ್ದರೆ ಆಗುತ್ತಿರಲಿಲ್ಲ. ಗುಹೆಯಲ್ಲಿ ಮೀನಿನ ವಿಚಿತ್ರ ವರ್ತನೆ ಕಂಡಾಗಲೆಲ್ಲ ನಾನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ: ಇದು ಮೀನಿನ ಸ್ವಭಾವವೋ, ನಾವು ಒಯ್ದ ಬೆಳಕಿನ ಪರಿಣಾಮವೋ?

ಕೆಂಪು ಮೀನಿನಿಂದ ಶುರು ಮಾಡೋಣ. ನಿಮ್ಮ ಫೋಟೊದಲ್ಲಿರುವುದು ಬ್ಲ್ಯಾಕ್‌ಬಾರ್ ಸೋಲ್ಜರ್‌ಫಿಶ್. ಕೆಂಪು ಮೈ, ದೊಡ್ಡ ಕಣ್ಣು, ಕಿವಿರಿನ ಮುಚ್ಚಳದ ಹಿಂದೆ ಒಂದು ಕಪ್ಪು ಪಟ್ಟೆ. ಕೆರಿಬಿಯನ್ ಸಮುದ್ರದಲ್ಲಿ ಇದು ಧಾರಾಳವಾಗಿ ಸಿಗುತ್ತದೆ. ಹಗಲೆಲ್ಲ ಗುಹೆಯಲ್ಲೋ ಬಂಡೆಯ ಅಡಿಯಲ್ಲೋ ಇದ್ದು, ರಾತ್ರಿ ಹೊರಬಂದು ನೀರಲ್ಲಿ ತೇಲುವ ಸಣ್ಣ ಜೀವಿಗಳನ್ನು ತಿನ್ನುತ್ತದೆ. ಅದೇ ಬಂಡೆಗಳ ಅಡಿಯಲ್ಲಿ ಅರ್ಧ ನೇರಳೆ, ಅರ್ಧ ಹಳದಿ ಬಣ್ಣದ ಪುಟ್ಟ ಮೀನನ್ನೂ ನೀವು ನೋಡಿರಬೇಕು. ಅದು ರಾಯಲ್ ಗ್ರಾಮಾ. ಅಕ್ವೇರಿಯಂ ಸಾಕುವವರಿಗೆ ಚೆನ್ನಾಗಿ ಪರಿಚಯ. ಅದೂ ಬಂಡೆಯ ಅಡಿಯಲ್ಲಿ ತಲೆಕೆಳಗಾಗಿಯೇ ಇರುತ್ತದೆ. ಹೊಸದಾಗಿ ತಂದವರು ಮೀನು ಸಾಯುತ್ತಿದೆ ಅಂತ ಗಾಬರಿಯಾಗಿ ಅಂಗಡಿಗೆ ಫೋನ್ ಮಾಡುವುದುಂಟು.

ಗಾಬರಿಯಾಗುವುದರಲ್ಲಿ ತಪ್ಪೇನಿಲ್ಲ. ಮನೆಯ ತೊಟ್ಟಿಯಲ್ಲಿ ಗೋಲ್ಡ್ ಫಿಶ್ ಹೊಟ್ಟೆ ಮೇಲೆ ಮಾಡಿ ತೇಲಿದರೆ ಹೆಚ್ಚಾಗಿ ಅದರ ಗಾಳಿಚೀಲಕ್ಕೆ ಏನೋ ತೊಂದರೆಯಾಗಿರುತ್ತದೆ. ಹಾಗಾದರೆ ಇವೆರಡನ್ನೂ ಬೇರೆ ಮಾಡಿ ನೋಡುವುದು ಹೇಗೆ? ಕಾಯಿಲೆಯ ಮೀನು ಒದ್ದಾಡುತ್ತದೆ. ನೆಟ್ಟಗಾಗಲು ನೋಡುತ್ತದೆ, ಆಗುವುದಿಲ್ಲ, ಮತ್ತೆ ಮಗುಚುತ್ತದೆ. ರೆಕ್ಕೆಗಳ ಬಡಿತಕ್ಕೆ ಲಯ ಇರುವುದಿಲ್ಲ. ಸುತ್ತ ಯಾವ ಬಂಡೆಯೂ ಇಲ್ಲದ ಬಯಲು ನೀರಲ್ಲೂ ಅದರ ಸ್ಥಿತಿ ಅದೇ.

ಸೋಲ್ಜರ್‌ಫಿಶ್ ಹಾಗಲ್ಲ. ಒಂದೇ ಒಂದು ಮೀನನ್ನು ಆರಿಸಿಕೊಂಡು ಎರಡು ನಿಮಿಷ ಸುಮ್ನೆ ನೋಡಿ. ಹೊಟ್ಟೆಗೂ ಚಾವಣಿಗೂ ಇರುವ ಅಂತರ ಹೆಚ್ಚುಕಡಿಮೆ ಒಂದೇ ಸಮ ಇರುತ್ತದೆ. ಚಾವಣಿ ತಗ್ಗಿದರೆ ಮೀನೂ ತಗ್ಗುತ್ತದೆ. ಚಾವಣಿ ಮುಗಿದು ಗೋಡೆ ಶುರುವಾಗುವ ಮೂಲೆಗೆ ಬಂದಾಗ ಮೈ ನಿಧಾನವಾಗಿ ಹೊರಳಿ, ಹೊಟ್ಟೆ ಗೋಡೆಯ ಕಡೆಗೆ ತಿರುಗುತ್ತದೆ. ಈಗ ಅದು ಪಕ್ಕಕ್ಕೆ ವಾಲಿ ಈಜುತ್ತಿದೆ. ಗೋಡೆ ಬಿಟ್ಟು ಗುಹೆಯ ಬಾಯಿಯ ಬಯಲು ನೀರಿಗೆ ಬಂದ ಕೂಡಲೇ ಮಾಮೂಲಿನಂತೆ ಬೆನ್ನು ಮೇಲೆ. ಯಾವ ಒದ್ದಾಟವೂ ಇಲ್ಲ. ಅಂದರೆ ಆ ಮೀನಿಗೆ ಮೇಲು ಕೆಳಗಿನ ಅರಿವು ಪೂರ್ತಿ ಇದೆ. ಬೇಕಂತಲೇ ಹೊಟ್ಟೆಯನ್ನು ಹತ್ತಿರದ ಬಂಡೆಯ ಕಡೆ ತಿರುಗಿಸಿಕೊಂಡಿದೆ.

ಮೀನು ಇದನ್ನು ಹೇಗೆ ಮಾಡುತ್ತದೆ ಅನ್ನುವುದು ಬಹಳ ಚೆನ್ನಾಗಿದೆ. ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ.

ಮೀನಿನ ಒಳಕಿವಿಯಲ್ಲಿ ಪುಟ್ಟ ಕಿವಿಕಲ್ಲುಗಳಿವೆ. ಭೂಮಿ ಯಾವ ಕಡೆ ಎಳೆಯುತ್ತಿದೆ ಅಂತ ಅವು ತಿಳಿಸುತ್ತವೆ. ಇದು ಒಂದು ದಾರಿ. ಎರಡನೆಯದು ಬೆಳಕು. ನದಿಯಲ್ಲಾಗಲಿ ಸಮುದ್ರದಲ್ಲಾಗಲಿ ಬೆಳಕು ಬರುವುದು ಮೇಲಿನಿಂದ. ಹಾಗಾಗಿ ಬೆಳಕು ಬಂದ ಕಡೆಗೆ ಬೆನ್ನು ಮಾಡುವ ಗುಣ ಮೀನಿಗೆ ಬಂದಿದೆ. ಜರ್ಮನಿಯ ಜೀವವಿಜ್ಞಾನಿ ಎರಿಕ್ ಫಾನ್ ಹೋಲ್ಸ್ಟ್ 1935ರಲ್ಲಿ ಇದನ್ನು ಪ್ರಯೋಗ ಮಾಡಿ ತೋರಿಸಿದರು. ಪಕ್ಕದಿಂದ ಬೆಳಕು ಬಿಟ್ಟರೆ ಮೀನು ಆ ಕಡೆಗೆ ವಾಲುತ್ತದೆ. ಆದರೆ ಪೂರ್ತಿ ವಾಲುವುದಿಲ್ಲ. ಕಿವಿ ಹೇಳುವುದಕ್ಕೂ ಕಣ್ಣು ಹೇಳುವುದಕ್ಕೂ ನಡುವಿನ ಒಂದು ಕೋನದಲ್ಲಿ ನಿಲ್ಲುತ್ತದೆ. ಒಳಕಿವಿಯ ಆ ಭಾಗವನ್ನು ತೆಗೆದ ಮೀನು ಬೆಳಕನ್ನು ಮಾತ್ರ ನಂಬುತ್ತದೆ. ಕೆಳಗಿನಿಂದ ಬೆಳಕು ಬಿಟ್ಟರೆ ಪೂರ್ತಿ ತಲೆಕೆಳಗಾಗುತ್ತದೆ.

ಪಕ್ಕಕ್ಕೆ ವಾಲುವುದನ್ನು ನೀವು ಮನೆಯಲ್ಲೇ ನೋಡಬಹುದು. ಏಂಜಲ್ ಮೀನಿರುವ ತೊಟ್ಟಿ ಇದ್ದರೆ ರಾತ್ರಿ ಕೋಣೆಯ ದೀಪ ಆರಿಸಿ, ಪಕ್ಕದ ಗಾಜಿನಿಂದ ಟಾರ್ಚ್ ಬಿಡಿ. ಅಗಲವಾದ ಚಪ್ಪಟೆ ಮೈ ಆದ್ದರಿಂದ ವಾಲಿದ್ದು ಚೆನ್ನಾಗಿ ಕಾಣುತ್ತದೆ. ಅರ್ಧ ನಿಮಿಷ ಸಾಕು. ಜಾಸ್ತಿ ಹೊತ್ತು ಬೇಡ, ಮೀನಿಗೆ ಕಿರಿಕಿರಿ.

ಮೂರನೆಯದು ಹೊಟ್ಟೆಯ ಕಡೆಯ ಲೆಕ್ಕ. ಹತ್ತಿರ ಒಂದು ಗಟ್ಟಿ ಮೇಲ್ಮೈ ಇದ್ದರೆ ಅದರ ಕಡೆಗೆ ಹೊಟ್ಟೆ ತಿರುಗಿಸುವುದು ಹಲವು ಮೀನುಗಳ ಅಭ್ಯಾಸ. ಸಾಮಾನ್ಯವಾಗಿ ಆ ಮೇಲ್ಮೈ ಕೆಳಗಿನ ನೆಲವೇ ಆಗಿರುತ್ತದೆ. ಆಗ ಮೂರೂ ಸೂಚನೆಗಳು ಒಂದೇ ಮಾತು ಹೇಳುತ್ತವೆ, ನಮಗೆ ವಿಶೇಷ ಏನೂ ಕಾಣುವುದಿಲ್ಲ. ಗುಹೆಯೊಳಗೆ ಮಾತ್ರ ಇವು ಬೇರೆ ಬೇರೆಯಾಗುತ್ತವೆ. ಬೆಳಕು ಮೇಲಿನಿಂದ ಬರುವುದಿಲ್ಲ, ಬಾಯಿಯ ಕಡೆಯಿಂದ ಅಡ್ಡಲಾಗಿ ಬರುತ್ತದೆ. ಬಿಳಿ ಮರಳಿಗೆ ಬಡಿದು ಕೆಳಗಿನಿಂದಲೂ ಬರುತ್ತದೆ. ಹತ್ತಿರದ ಮೇಲ್ಮೈ ಅಂದರೆ ಚಾವಣಿ. ಬೆಳಕು, ಬಂಡೆ ಎರಡೂ ತಲೆಕೆಳಗಾಗು ಅನ್ನುತ್ತವೆ. ಕಿವಿಕಲ್ಲು ಒಂದೇ ಬೇಡ ಅನ್ನುತ್ತದೆ. ಸೋಲ್ಜರ್‌ಫಿಶ್ ಬಹುಮತದ ಕಡೆ ಹೋಗುತ್ತದೆ.

ತಲೆಕೆಳಗಾಗಿ ಇರುವುದು ಸುಸ್ತಲ್ವಾ ಅಂತ ನೀವು ಕೇಳಬಹುದು. ಎಷ್ಟೋ ಮೀನುಗಳಲ್ಲಿ ಗಾಳಿಚೀಲ ಕೆಳಗಿದ್ದು ಮೈಯ ಭಾರ ಮೇಲಿರುತ್ತದೆ. ರೆಕ್ಕೆ ಆಡಿಸುವುದು ನಿಲ್ಲಿಸಿದರೆ ಅವು ತಾವಾಗಿಯೇ ಮಗುಚುತ್ತವೆ. ಬೆನ್ನು ಮೇಲೆ ಮಾಡಿ ನಿಲ್ಲುವುದಕ್ಕೇ ಮೀನು ದಿನವಿಡೀ ದುಡಿಯಬೇಕು. ಹಾಗಾಗಿ ತಲೆಕೆಳಗಾಗಿ ಇರುವುದು ನಮಗೆ ಅನಿಸುವಷ್ಟು ಕಷ್ಟದ ಕೆಲಸವಲ್ಲ. ಆಫ್ರಿಕಾದ ಕಾಂಗೊ ನದಿಯ ಕಡೆ ಒಂದು ಪುಟ್ಟ ಕ್ಯಾಟ್‌ಫಿಶ್ ಇದೆ, ಸೈನೊಡಾಂಟಿಸ್ ನೈಗ್ರಿವೆಂಟ್ರಿಸ್. ಅದು ಗುಹೆಯ ಹಂಗಿಲ್ಲದೆ ತಲೆಕೆಳಗಾಗಿಯೇ ಬದುಕುತ್ತದೆ. ಬೇರೆ ಮೀನುಗಳಿಗೆ ಬೆನ್ನು ಕಪ್ಪು, ಹೊಟ್ಟೆ ತಿಳಿ. ಇದಕ್ಕೆ ಹೊಟ್ಟೆಯೇ ಕಪ್ಪು. ಮೇಲಿನಿಂದ ನೋಡುವ ಹಕ್ಕಿಗೆ ಕಾಣಬಾರದಲ್ಲ.

ಈಗ ದೋಸ್ ಓಹೋಸ್‌ಗೆ ಬರೋಣ. ನನಗೆ ಹೆಚ್ಚು ಕಾಳಜಿ ಇರುವುದು ಇದರ ಬಗ್ಗೆ.

ನೀವು ಇಳಿದದ್ದು ಸಾಮಾನ್ಯ ಗುಹೆಯಲ್ಲ. ತುಲುಮ್ ಇರುವ ಯುಕಟಾನ್ ಪರ್ಯಾಯದ್ವೀಪ ಇಡೀ ಸುಣ್ಣಕಲ್ಲಿನ ನಾಡು. ಅಲ್ಲಿ ಮಳೆನೀರು ನೆಲದ ಮೇಲೆ ಹರಿಯುವುದಕ್ಕಿಂತ ನೆಲದೊಳಗೆ ಹರಿಯುವುದೇ ಹೆಚ್ಚು. ಚಾವಣಿ ಕುಸಿದಲ್ಲಿ ತೆರೆದ ಬಾಯಿಗಳೇ ಸೆನೋಟೆಗಳು. ದೋಸ್ ಓಹೋಸ್ ಪಕ್ಕದ ಸಾಕ್ ಆಕ್ತುನ್ ಗುಹೆಗೆ ಒಳಗಿಂದಲೇ ಕೂಡಿಕೊಂಡಿದೆ ಅಂತ 2018ರ ಜನವರಿಯಲ್ಲಿ ಡೈವರ್‌ಗಳು ತೋರಿಸಿದರು. ಎರಡೂ ಸೇರಿ ಆಗ ಅಳೆದ ಉದ್ದ 347 ಕಿ.ಮೀ. ಅಷ್ಟೂ ಉದ್ದಕ್ಕೆ, ಬಾಯಿಗಳ ಹತ್ತಿರ ಬಿಟ್ಟರೆ, ಒಂದು ಚೂರೂ ಬೆಳಕಿಲ್ಲ.

ನಿಮ್ಮ ಬೆನ್ನು ಹತ್ತಿದ ಬೆಳ್ಳಿ ಮೀನು ಅಸ್ಟಿಯಾನಾಕ್ಸ್ ಎಂಬ ಕುಲದ ಟೆಟ್ರಾ. ಕಣ್ಣು ಚುರುಕು, ಹೊಟ್ಟೆಬಾಕ, ಸಿಕ್ಕಿದ್ದೆಲ್ಲ ತಿನ್ನುತ್ತದೆ. ಅದರ ಜಾಗ ಸೆನೋಟೆಯ ಬಾಯಿ. ಬಿಸಿಲು ಬೀಳುವಲ್ಲಿ ಹುಳ, ಎಲೆ, ಕಾಯಿ, ಬಾವಲಿಯ ಹಿಕ್ಕೆ ಎಲ್ಲ ಸಿಗುತ್ತದೆ. ಒಳಗಿನ ಕತ್ತಲಿಗೆ ಹೋಗಿ ಅದಕ್ಕೆ ಲಾಭ ಕಡಿಮೆ, ಕಣ್ಣಿನಿಂದ ಬೇಟೆಯಾಡುವ ಮೀನಿಗೆ ಕತ್ತಲಲ್ಲಿ ಏನು ಕಂಡೀತು? ಆದರೆ ಡೈವರ್‌ಗಳು ಬೆಳಕು ಹಿಡಿದು ಒಳಗೆ ಹೋಗುತ್ತಾರೆ. ಆ ಬೆಳಕಿನ ಜೊತೆ ಹೋದರೆ ಓಡಲು ಗೊತ್ತಿಲ್ಲದ ಬೇಟೆ ಸಿಗುತ್ತದೆ. ಮೀನುಗಳು ಇದನ್ನು ಕಲಿತುಬಿಟ್ಟಿವೆ. ಯುಕಟಾನ್‌ನಲ್ಲಿ ಡೈವ್ ಮಾಡುವ ಜೀವವಿಜ್ಞಾನಿಗಳು ಇದನ್ನು ಮತ್ತೆ ಮತ್ತೆ ಕಂಡಿದ್ದಾರೆ. ಗುಹೆಯ ಪ್ರಾಣಿಗಳಿಗೆ ಇದೊಂದು ಅಪಾಯ ಅಂತ ಎಚ್ಚರಿಸಿಯೂ ಇದ್ದಾರೆ.

ಹಿಂದೆ ತಿರುಗಿ ನೋಡಿದರೆ ಇದು ಚೆನ್ನಾಗಿ ಗೊತ್ತಾಗುತ್ತದೆ. ಟೆಟ್ರಾಗಳು ನಿಮ್ಮನ್ನು ಹಿಂಬಾಲಿಸುವುದಿಲ್ಲ, ಬೆಳಕಿನ ಕೋಲನ್ನು ಹಿಂಬಾಲಿಸುತ್ತವೆ. ನಿಮ್ಮ ಭುಜದ ಅಕ್ಕಪಕ್ಕ, ಬೆಳಕಿನ ಅಂಚಿಗೆ ಸ್ವಲ್ಪ ಹಿಂದೆ ನಿಂತಿರುತ್ತವೆ. ಟಾರ್ಚ್ ಎಡಕ್ಕೆ ತಿರುಗಿದರೆ ಗುಂಪೂ ಎಡಕ್ಕೆ. ಬೆಳಕು ಒಂದು ಕಡೆ ನಿಂತಿತೋ, ಒಂದೆರಡು ಮೀನು ಮುಂದೆ ನುಗ್ಗಿ ನೋಡುತ್ತವೆ. ಅಲ್ಲಿ ಬಿಳಿಯದೇನಾದರೂ ಕಂಡರೆ ಮುಗಿಯಿತು. ನಿಮ್ಮ ಡೈವ್‌ನಲ್ಲಿ ಆದದ್ದೂ ಹೀಗೇ. ಮೊದಲ ಮಳೆಗೆ ಗದ್ದೆಗೆ ಹತ್ತುವ ಮೀನನ್ನು ನಿಮ್ಮೂರಲ್ಲಿ ಟಾರ್ಚ್ ಬಿಟ್ಟು ಹಿಡಿಯುತ್ತಾರಲ್ಲ, ಹಾಗೆ. ಇಲ್ಲಿ ಟಾರ್ಚ್ ಹಿಡಿದವರು ನೀವು, ಬಾಯಿ ಹಾಕಿದ್ದು ಟೆಟ್ರಾ.

ಇದು ಈ ಒಂದು ಜಾತಿಯ ಕಥೆಯಲ್ಲ. ಕೆರಿಬಿಯನ್‌ನ ಬೊನೇರ್ ದ್ವೀಪದಲ್ಲಿ ರಾತ್ರಿ ಡೈವ್ ಮಾಡಿದವರಿಗೆ ಟಾರ್ಪನ್ ಗೊತ್ತಿರುತ್ತದೆ. ಆಳೆತ್ತರದ ಬೆಳ್ಳಿ ಮೀನು. ನಿಮ್ಮ ಪಕ್ಕದಲ್ಲೇ ಬಂದು, ನೀವು ಬೆಳಕು ಬಿಟ್ಟು ಮೆಚ್ಚುತ್ತಿರುವ ಮೀನನ್ನೇ ನುಂಗುತ್ತದೆ. ಮಲಗಿರುವ ಮೀನಿನ ಮೇಲೆ ಬೆಳಕು ನಿಲ್ಲಿಸಬೇಡಿ ಅಂತ ಅಲ್ಲಿನ ಗೈಡ್‌ಗಳು ಮೊದಲೇ ಹೇಳಿಬಿಡುತ್ತಾರೆ. ಆದರೆ ಸಮುದ್ರದಲ್ಲಿ ಒಂದು ಮೀನು ಹೋದರೆ ಬೇರೆ ಮೀನುಗಳಿವೆ. ಗುಹೆಯ ಲೆಕ್ಕ ಬೇರೆ.

ಆ ಬಿಳಿ ಮೀನಿನ ಬಗ್ಗೆ ಹೇಳಲೇಬೇಕು. ನಿಮ್ಮ ವಿವರಣೆ ನೋಡಿದರೆ ಅದು ಟಿಫ್ಲಿಯಾಸಿನಾ ಪಿಯರ್ಸಿ, ಸ್ಥಳೀಯರು ಡಾಮಾ ಬ್ಲಾಂಕಾ ಅನ್ನುವ ಮೀನು. 1938ರಲ್ಲಿ ಮೀನುವಿಜ್ಞಾನಿ ಕಾರ್ಲ್ ಹಬ್ಸ್ ಇದಕ್ಕೆ ವೈಜ್ಞಾನಿಕ ಹೆಸರು ಕೊಟ್ಟರು. ಇದರ ನೆಂಟರಲ್ಲಿ ಹೆಚ್ಚಿನವರು ಸಮುದ್ರದಲ್ಲಿದ್ದಾರೆ, ಇದು ಸಿಹಿನೀರಿನ ಕತ್ತಲಿಗೆ ಬಂದು ನೆಲೆಸಿದೆ. ಪೂರ್ತಿ ಬೆಳೆದರೂ ಒಂದು ಗೇಣಿಗಿಂತ ಚಿಕ್ಕದು. ಕಣ್ಣಿಲ್ಲ, ಮೈಗೆ ಬಣ್ಣವಿಲ್ಲ. ಮೊಟ್ಟೆ ಇಡುವುದಿಲ್ಲ, ಮರಿ ಹಾಕುತ್ತದೆ, ಅದೂ ಒಮ್ಮೆಗೆ ಕೆಲವೇ. ಯುಕಟಾನ್ ಬಿಟ್ಟರೆ ಜಗತ್ತಿನಲ್ಲಿ ಇನ್ನೆಲ್ಲೂ ಇಲ್ಲ. ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿ ಮೆಕ್ಸಿಕೊ ಸರ್ಕಾರ ಇದನ್ನು ಸೇರಿಸಿದೆ.

ಅದು ಯಾಕೆ ಓಡಲಿಲ್ಲ? ಓಡುವುದಕ್ಕೆ ಕಾರಣವೇ ಅದಕ್ಕೆ ಗೊತ್ತಾಗಲಿಲ್ಲ. ಬೆಳಕು ಅದರ ಪಾಲಿಗೆ ಏನೂ ಅಲ್ಲ. ನೀರಿನ ಅಲುಗಾಟ, ವಾಸನೆ ಇವೇ ಅದರ ಲೋಕ. ಇನ್ನು, ಕತ್ತಲ ಗುಹೆಯಲ್ಲಿ ಆಹಾರ ಬಹಳ ಕಡಿಮೆ. ಇದೇ ಯುಕಟಾನ್‌ನ ಓಶ್ ಬೆಲ್ ಹಾ ಗುಹೆಯ ಬಗ್ಗೆ 2017ರಲ್ಲಿ ಬಂದ ಸಂಶೋಧನೆ ಇದನ್ನು ಚೆನ್ನಾಗಿ ತೋರಿಸುತ್ತದೆ. ಮೇಲಿನ ಕಾಡಿನ ಮಣ್ಣಲ್ಲಿ ಹುಟ್ಟುವ ಮೀಥೇನ್ ನೀರಿನ ಜೊತೆ ಕೆಳಗಿಳಿಯುತ್ತದೆ. ಅದನ್ನು ಬ್ಯಾಕ್ಟೀರಿಯಾ ತಿನ್ನುತ್ತವೆ, ಬ್ಯಾಕ್ಟೀರಿಯಾವನ್ನು ಕುರುಡು ಸೀಗಡಿ ತಿನ್ನುತ್ತದೆ. ಸೀಗಡಿಯಂಥವನ್ನು ಡಾಮಾ ಬ್ಲಾಂಕಾ ತಿನ್ನುತ್ತದೆ. ಇಷ್ಟು ಬಡ ಮನೆಯಲ್ಲಿ ಸುಮ್ಮನೆ ಓಡಾಡಿ ಶಕ್ತಿ ಕಳೆಯುವುದು ಯಾರಿಗೂ ಗಿಟ್ಟದು. ನಿಧಾನವೇ ಅಲ್ಲಿನ ಬದುಕು. ಆ ನಿಧಾನವೇ ಬೆಳಕು ಬಂದ ದಿನ ಅದರ ಪ್ರಾಣಕ್ಕೆ ಎರವಾಗುತ್ತದೆ.

ನಿಮ್ಮ ಟಾರ್ಚ್‌ಗೆ ಕೈ ಅಡ್ಡ ಹಿಡಿದ ಗೈಡ್‌ಗೆ ನನ್ನ ಪರವಾಗಿ ಒಂದು ಥ್ಯಾಂಕ್ಸ್ ಹೇಳಿ. ಸರಿಯಾದ ಕೆಲಸ ಮಾಡಿದ್ದಾರೆ.

ಒಂದು ಗೊಂದಲ ಇಲ್ಲೇ ಬಿಡಿಸಿಬಿಡುತ್ತೇನೆ, ಯಾಕಂದರೆ ಬಹಳ ಜನ ಇದನ್ನು ಕಲಸಿಕೊಳ್ಳುತ್ತಾರೆ. ಅಕ್ವೇರಿಯಂ ಅಂಗಡಿಗಳಲ್ಲಿ ಸಿಗುವ ಗುಲಾಬಿ ಬಣ್ಣದ ಕುರುಡು ಟೆಟ್ರಾ ಕೂಡ ಅಸ್ಟಿಯಾನಾಕ್ಸ್ ಕುಲದ್ದೇ. ಆದರೆ ಅದರ ಊರು ತುಲುಮ್‌ನಿಂದ ಸಾವಿರ ಕಿಲೋಮೀಟರ್‌ಗೂ ದೂರ, ಈಶಾನ್ಯ ಮೆಕ್ಸಿಕೊದ ಸಿಯೆರ್ರಾ ದೆ ಎಲ್ ಆಬ್ರಾ ಬೆಟ್ಟಸಾಲಿನ ಕಡೆ. 1936ರಲ್ಲಿ ವಿಜ್ಞಾನಕ್ಕೆ ಪರಿಚಯವಾಯಿತು. ಅದರ ನಡವಳಿಕೆಯೂ ಬೇರೆ. ಗುಂಪು ಕಟ್ಟುವುದಿಲ್ಲ, ನಿದ್ದೆ ತೀರಾ ಕಡಿಮೆ. ನೀರಲ್ಲಿ ಸೆಕೆಂಡಿಗೆ ಸುಮಾರು 35 ಸಲ ಕಂಪಿಸುವ ಕಡ್ಡಿ ಇಟ್ಟರೆ ಅದರ ಹತ್ತಿರಕ್ಕೇ ಬರುತ್ತದೆ. ಕಣ್ಣಿರುವ ಟೆಟ್ರಾಗಳು ಹಾಗೆ ಬರುವುದು ಅಪರೂಪ. ಹೊಸ ವಸ್ತು ಎದುರಾದರೆ ಅದರ ಪಕ್ಕದಲ್ಲೇ ಹಾದು ಹೋಗುತ್ತದೆ, ನೀರಿನ ಅಲುಗಾಟ ಗ್ರಹಿಸುವ, ಮೈಯ ಪಕ್ಕದ ಪಾರ್ಶ್ವರೇಖೆಯಿಂದ ಅದರ ಆಕಾರ ತಿಳಿಯುತ್ತದೆ. ಹಾಗೆ ಹಾಯುವಾಗ ಮೈಯ ಬಲಗಡೆಯನ್ನೇ ಹೆಚ್ಚಾಗಿ ಒಡ್ಡುತ್ತದೆ ಅಂತ 2005ರ ಒಂದು ಅಧ್ಯಯನ ತೋರಿಸಿತು. ತುಲುಮ್‌ನಲ್ಲಿ ನೀವು ನೋಡಿದ ಬೆಳ್ಳಿ ಟೆಟ್ರಾಗಳಿಗೆ ಕಣ್ಣು ಪೂರ್ತಿ ಚೆನ್ನಾಗಿದೆ.

ಹಾಗಾದರೆ ಮುಂದಿನ ಸಲ ಏನು ಮಾಡಬೇಕು? ಡೈವ್ ಬಿಡಿ ಅಂತ ನಾನು ಹೇಳುವುದಿಲ್ಲ. ಗುಹೆಯ ಜೀವಿಗಳ ಬಗ್ಗೆ ನಮಗೆ ಗೊತ್ತಿರುವುದರಲ್ಲಿ ದೊಡ್ಡ ಪಾಲು ಡೈವರ್‌ಗಳಿಂದಲೇ ಬಂದದ್ದು. ಸೀಗಡಿ, ಏಡಿಗಳ ಬಳಗದಲ್ಲಿ ವಿಷವಿರುವ ಪ್ರಾಣಿಯೂ ಇದೆ ಅಂತ ಮೊದಲು ಗೊತ್ತಾಗಿದ್ದೂ ಯುಕಟಾನ್‌ನ ಇಂಥ ಗುಹೆಗಳ ಶಿಬಾಲ್ಬಾನಸ್ ತುಲುಮೆನ್ಸಿಸ್‌ನಿಂದ, 2013ರಲ್ಲಿ. ಡೈವರ್ ಇಲ್ಲದೆ ಅದನ್ನು ತರುವವರು ಯಾರು?

ಆದರೆ ಬೆಳಕಿನ ಬಗ್ಗೆ ಶಿಸ್ತು ಬೇಕು. ಪ್ರಕಾಶವಾದ ವಿಡಿಯೊ ದೀಪವನ್ನು ಟೆಟ್ರಾಗಳಿರುವ ಬಾಯಿಯ ಭಾಗದಲ್ಲೇ ಹೊತ್ತಿಸಿಕೊಂಡು ಒಳಗೆ ಹೋಗಬೇಡಿ. ಗುಂಪು ಕಟ್ಟುವುದು ಅಲ್ಲೇ. ಬೆನ್ನು ಹತ್ತಿವೆ ಅಂತ ಗೊತ್ತಾದರೆ ಬಿಳಿ ಜೀವಿ ಕಂಡಾಗ ಬೆಳಕನ್ನು ಅದರ ಮೇಲೆ ನಿಲ್ಲಿಸದೆ ಸರಿಸಿಬಿಡಿ, ಅಂಚಿನ ಮಂದ ಬೆಳಕಲ್ಲೇ ನೋಡಿ. ಫೋಟೊ ಬೇಕೇ ಬೇಕು ಅನಿಸಿದರೆ ಟೆಟ್ರಾ ಇಲ್ಲದ ಜಾಗದಲ್ಲಿ ತೆಗೆಯಿರಿ. ಕೆಂಪು ಬೆಳಕು ಹಾಕಿದರೆ ಮೀನಿಗೆ ಕಾಣುವುದಿಲ್ಲ ಅಂತ ಕೆಲವರು ಹೇಳುತ್ತಾರೆ. ಸಿಹಿನೀರಿನ ಎಷ್ಟೋ ಮೀನುಗಳಿಗೆ ಕೆಂಪು ಚೆನ್ನಾಗಿಯೇ ಕಾಣುತ್ತದೆ. ಅದನ್ನು ನಂಬಿಕೊಳ್ಳಬೇಡಿ.

ಹಾಗಂತ ಟಾರ್ಚ್ ಆರಿಸಬೇಡಿ. ಇದನ್ನು ಒತ್ತಿ ಹೇಳುತ್ತೇನೆ. ಗುಹೆಯಲ್ಲಿ ನಿಮ್ಮ ಜೊತೆಗಾರರಿಗೆ ನೀವಿದ್ದೀರಿ ಅಂತ ಗೊತ್ತಾಗುವುದು ಆ ಬೆಳಕಿನಿಂದ. ಬೆಳಕು ಮಾಯವಾದರೆ ಅವರು ಅದನ್ನು ಅಪಾಯ ಅಂತಲೇ ತಿಳಿಯುತ್ತಾರೆ. ಕೈ ಅಡ್ಡ ಹಿಡಿಯಿರಿ, ನೆಲದ ಕಡೆ ತಿರುಗಿಸಿ, ಅಷ್ಟು ಸಾಕು. ಮೀನಿನ ಹಿಂದೆ ಹೋಗಿ, ಹೊರಬರುವ ದಾರಿ ತೋರಿಸುವ ದಾರದಿಂದ ದೂರವಾಗುವುದಂತೂ ಬೇಡವೇ ಬೇಡ. ಒಂದು ಮೀಟರ್ ಪಕ್ಕಕ್ಕೆ ಹೋಗಿ, ಕಾಲಿನ ರೆಕ್ಕೆ ಕೆಸರಿಗೆ ತಾಗಿದರೆ, ಕ್ಷಣದಲ್ಲಿ ನೀರೆಲ್ಲ ಕದಡಿ ದಾರವೇ ಕಾಣುವುದಿಲ್ಲ. ಕೋರ್ಸ್‌ನಲ್ಲಿ ಕಲಿತಿದ್ದೀರಿ. ಅಪರೂಪದ ಮೀನು ಕಂಡಾಗ ಕಲಿತದ್ದು ಮರೆಯುತ್ತದೆ, ಅದಕ್ಕೇ ಹೇಳುತ್ತಿದ್ದೇನೆ.

ಇನ್ನು ನಿಮ್ಮೂರ ಬಾವಿ. ಈ ಪ್ರಶ್ನೆ ಕೇಳಿದ್ದು ನನಗೆ ಬಹಳ ಖುಷಿಯಾಯಿತು.

ಪುತ್ತೂರಿನ ಕೆಂಪುಕಲ್ಲು ಕೇರಳದ ಕೆಂಪುಕಲ್ಲಿನ ಮುಂದುವರಿಕೆಯೇ. ಅದರ ತುಂಬ ತೂತುಗಳು, ಒಳಗೆ ನೀರಿನ ಸಣ್ಣ ಸಣ್ಣ ದಾರಿಗಳು. ಕೇರಳದಲ್ಲಿ ಅಂಥ ನೆಲದೊಳಗೆ ಮೀನುಗಳ ಒಂದು ಲೋಕವೇ ಇದೆ ಅಂತ ಈಗ ಗೊತ್ತಾಗಿದೆ. 1950ರಲ್ಲಿ ಕೊಟ್ಟಾಯಂ ಕಡೆಯ ಬಾವಿಯ ಮೀನೊಂದಕ್ಕೆ ಹೊರಗ್ಲಾನಿಸ್ ಕೃಷ್ಣೈ ಅಂತ ಹೆಸರಿಟ್ಟರು. ಕಣ್ಣಿಲ್ಲ, ರಕ್ತದಂಥ ಕೆಂಪು, ಕಿರುಬೆರಳಿಗಿಂತ ಚಿಕ್ಕದು. 2018ರ ನೆರೆಯ ನಂತರ ಗದ್ದೆಯಲ್ಲಿ ಸಿಕ್ಕ ಒಂದು ವಿಚಿತ್ರ ಮೀನಿನ ಫೋಟೊವನ್ನು ಯಾರೋ ಹಂಚಿಕೊಂಡರು. ಅದು ಏನಿಗ್ಮಚನ್ನ ಗಾಲಮ್ ಎಂಬ ಹೊಸ ಜಾತಿಯಾಯಿತು. 2019ರಲ್ಲಿ ಕೋಝಿಕ್ಕೋಡ್‌ನ ಬಾವಿಯಿಂದ ಪಾಂಜಿಯೊ ಭುಜಿಯಾ ಬಂತು, ನೂಲಿನಂಥ ಮೀನು. 2023ರಲ್ಲಿ ಹೆಸರು ಪಡೆದ ಹೊರಗ್ಲಾನಿಸ್ ಪಾಪ್ಯುಲಿಗೆ ಜನರ ಗೌರವಕ್ಕಾಗಿಯೇ ಆ ಹೆಸರು. ಯಾಕಂದರೆ ಇಂಥ ಮೀನುಗಳಲ್ಲಿ ಎಷ್ಟೋ ಬೆಳಕಿಗೆ ಬಂದದ್ದು ಮನೆಯವರ ಕೊಡ, ಬಕೆಟ್, ಟ್ಯಾಂಕ್‌ಗಳಿಂದ.

ಆದ್ದರಿಂದ ನಿಮ್ಮ ಬಾವಿಯಲ್ಲೂ ಹುಡುಕುವುದು ಖಂಡಿತ ಸಾರ್ಥಕ. ಬೇಸಿಗೆಯ ಕೊನೆಗೆ ಬಾವಿಯ ಹೂಳು ತೆಗೆಯುವಾಗ, ಜೋರು ಮಳೆಗೆ ಒರತೆ ಎದ್ದಾಗ ಮನೆಯವರಿಗೆ ಗಮನ ಇಡಲು ಹೇಳಿ. ಎರೆಹುಳ ಅಂದುಕೊಂಡು ಎಸೆಯುವ ಕೆಂಪು ಎಳೆಯನ್ನು ಒಮ್ಮೆ ತಟ್ಟೆಯ ನೀರಲ್ಲಿ ಹಾಕಿ ನೋಡಲಿ, ರೆಕ್ಕೆ ಇದೆಯಾ ಅಂತ. ನೀರಿಗಾಗಿ ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬೀಳುವ ತೊಟ್ಟಿಯಲ್ಲೂ ನೋಡಬಹುದು. ಸಿಕ್ಕಿದರೆ ಬಿಳಿ ಬಟ್ಟಲಲ್ಲಿ ಅದೇ ಬಾವಿಯ ನೀರು ಹಾಕಿ, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು, ಮೇಲಿನಿಂದಲೂ ಪಕ್ಕದಿಂದಲೂ ಫೋಟೊ ತೆಗೆದು, ಅದೇ ಬಾವಿಗೆ ಬಿಟ್ಟುಬಿಡಿ. ಬ್ಲೀಚಿಂಗ್ ಪೌಡರ್ ಹಾಕುವುದಿದ್ದರೆ ಅದಕ್ಕೂ ಮೊದಲೇ ನೋಡಿ. ಹಾಕಿದ ಮೇಲೆ ಇಂಥ ಮೀನು ಬದುಕುವುದು ಕಷ್ಟ. ಫೋಟೊ ನನಗೆ ಕಳಿಸಿ, ಬಾವಿಯ ಆಳ, ಸಿಕ್ಕ ದಿನ, ಹಿಂದಿನ ದಿನ ಮಳೆ ಬಂದಿತ್ತಾ ಅನ್ನುವುದನ್ನೂ ಬರೆಯಿರಿ.